ಕಡಜ ಕೆರೆದ ಬೆಂಚು

ಮಾರ್ಚ್ ೯, ಭಾನುವಾರ

ಓರಗಿತ್ತಿಗೆ,

ನಿನ್ನ ಜತೆ ಮಾತು ಬಿಟ್ಟು ಆರು ವರ್ಷವಾಯಿತು. ಮಾತಾಡುವ ಆಸೆಯಾಗಿ ಬರೆಯುತ್ತಿದ್ದೇನೆಂದು ತಿಳಿಯಬೇಡ. ಮನೆ ಭಾಗವಾದಾಗ ಹಿತ್ತಿಲು ಇಬ್ಬರಿಗೂ ಸೇರಿದ್ದು, ಅಲ್ಲಿನ ಬೆಂಚು, ಬಳ್ಳಿ ಚಪ್ಪರ, ಮರದ ಬೇಲಿ, ಯಾವುದಕ್ಕೆ ಕೈ ಹಾಕಬೇಕಾದರೂ ಇಬ್ಬರ ಸಹಿ ಬೇಕು ಎಂದು ಕಾಗದ ಮಾಡಿದ್ದಾರಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ. ನಿನ್ನ ಭಾವನ ಕೈಯಲ್ಲಿ ಕಳಿಸುತ್ತೇನೆ. ಹೇಗೂ ಅಣ್ಣತಮ್ಮಂದಿರಿಬ್ಬರೂ ನಾಚಿಕೆಯಿಲ್ಲದೆ ದಿನಾ ಸಂಜೆ ಮುಂದಿನ ಮೆಟ್ಟಿಲ ಮೇಲೆ ಕೂತು ಒಂದೇ ಫ್ಲಾಸ್ಕಿನ ಟೀ ಕುಡಿಯುತ್ತಾರೆ.

ವಿಷಯ ಇಷ್ಟು. ಮಾವ ಕೈಯಾರೆ ಮಾಡಿದ ಬೆಂಚಿನ ಮೇಲೆ ಯಾರೋ ಗೀರು ಹಾಕುತ್ತಿದ್ದಾರೆ. ಹೋದ ವಾರ ಎಣಿಸಿದಾಗ ಹದಿನೇಳಿದ್ದವು, ಇವತ್ತು ನಲವತ್ತು ದಾಟಿವೆ. ಒಂದೊಂದೂ ಅರ್ಧ ಬೆರಳುದ್ದ. ಬೂದು ಮರದ ಮೇಲೆ ಬೆಳ್ಳಗೆ ಎದ್ದು ಕಾಣುತ್ತವೆ. ಚಪ್ಪರದ ಕಂಬಗಳಿಗೂ ಅದೇ ಗತಿ.

ನಾನು ದಿನಾ ಬೆಳಿಗ್ಗೆ ಆರಕ್ಕೆ ಅಲ್ಲಿ ಕೂತು ಒಂದು ತಾಸು ದೇವರನ್ನು ನೆನೆಯುತ್ತೇನೆ. ಮಾವ ತೀರಿಕೊಂಡ ಮೇಲೆ, ಈ ಎಂಟು ವರ್ಷದಲ್ಲಿ, ಒಂದು ಶನಿವಾರವನ್ನೂ ತಪ್ಪಿಸದೆ ಬಿಸಿನೀರಿಗೆ ಸೋಡಾ ಪುಡಿ ಹಾಕಿ, ಗಟ್ಟಿ ಬ್ರಷ್ಷಿನಿಂದ ಬೆಂಚನ್ನೂ ಕಂಬಗಳನ್ನೂ ತಿಕ್ಕಿದ್ದೇನೆ. ದೇವರ ಹೆಸರು ಹೇಳುವ ಜಾಗ ಅದು. ಅಂಥದ್ದರ ಮೇಲೆ ಗೀರು.

ಎರಡು ಮನೆಯಲ್ಲಿ ಸೇರಿ ದಿನವಿಡೀ ಕತ್ತರಿ, ಸೂಜಿ, ಪಿನ್ನು ಹಿಡಿದಿರುವವಳು ಒಬ್ಬಳೇ. ಹನ್ನೊಂದು ಗಂಟೆಗೆ ಬಿಸಿಲು ಕಾಯಿಸುತ್ತಾ ಅದೇ ಬೆಂಚಿನ ಮೇಲೆ ಕೂತು ಗಿರಾಕಿಗಳ ಬಟ್ಟೆಗೆ ಅಂಚು ಹೊಲಿಯುವವಳೂ ಅವಳೇ. ನನ್ನ ಮೇಲಿನ ಹೊಟ್ಟೆಯುರಿಯನ್ನು ಮಾವನ ಬೆಂಚಿನ ಮೇಲೆ ತೀರಿಸಿಕೊಳ್ಳಬೇಡ.

ಇಂತಿ,
ಗೋಡೆಯ ಈಚೆಯವಳು


ಮಾರ್ಚ್ ೧೧, ಮಂಗಳವಾರ

ದೊಡ್ಡವರಿಗೆ,

ನಿಮ್ಮ ಕಾಗದ ಬಂತು. ನಿಮ್ಮ ಬೆಂಚಿನ ಮೇಲೆ ಗೀರು ಹಾಕುತ್ತಾ ಕೂರುವಷ್ಟು ಪುರುಸೊತ್ತು ನನಗಿದ್ದಿದ್ದರೆ ಮೂರು ರವಿಕೆ, ಒಂದು ಕೋಟು ಮುಗಿಯದೆ ಬಿದ್ದಿರುತ್ತಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಕಣ್ಣು ಮುಚ್ಚಿ ಕೂರುವ ಬದಲು ಒಮ್ಮೆ ಹನ್ನೊಂದಕ್ಕೆ ಕಣ್ಣು ಬಿಟ್ಟು ಕೂತು ನೋಡಿ. ಆ ಗೀರು ಹಾಕುವುದು ಕಡಜ. ಹಳದಿ ಕಪ್ಪು ಪಟ್ಟೆಯ, ಸೊಂಟ ದಾರದಷ್ಟು ಸಣ್ಣಗಿರುವ ಹುಳು. ಮರಕ್ಕೆ ಬಾಯಿ ಹಚ್ಚಿ ಹಿಂದೆ ಹಿಂದೆ ಸರಿಯುತ್ತಾ ಕೆರೆಯುತ್ತದೆ. ಕಿವಿ ಕೊಟ್ಟರೆ ಸದ್ದೂ ಕೇಳುತ್ತದೆ. ನನಗೆ ಕೇಳಿಸಿದೆ. ನಿಮಗೆ ಕೆಲವು ಸದ್ದು ಕೇಳಿಸುವುದಿಲ್ಲ, ಅದು ನನಗೆ ಗೊತ್ತಿರುವ ಸಂಗತಿಯೇ.

ಮರಕ್ಕೆ ಒಂದು ಕೈ ವಾರ್ನಿಷ್ ಹೊಡೆಸಿದರೆ ಕಾಟ ತಪ್ಪುತ್ತದೆ. ಕೆಳಗೆ ನನ್ನ ಸಹಿ ಹಾಕಿದ್ದೇನೆ. ಪಕ್ಕದಲ್ಲಿ ನಿಮ್ಮದು ಹಾಕಿ ಕಳಿಸಿ.

ಗೋಡೆಯ ಆಚೆಯವಳು


ಮಾರ್ಚ್ ೧೬, ಭಾನುವಾರ

ಓರಗಿತ್ತಿಗೆ,

ಹುಳು ನೋಡಿದೆ. ಒಪ್ಪಿದೆ, ಕತ್ತರಿಯಲ್ಲ. ಆದರೆ ಆ ಹುಳುಗಳು ಇಲ್ಲಿಗೆ ಬಂದದ್ದು ಯಾರಿಂದ? ನಿನ್ನ ಅಡುಗೆಮನೆಯ ಹಿಂದೆ ಹಣ್ಣಿನ ಸಿಪ್ಪೆಯ ಗುಂಡಿ ಇದೆಯಲ್ಲ, ಅದರಿಂದ. ಸಿಹಿ ಇಟ್ಟು ಕರೆದವಳು ನೀನು, ಈಗ ವಾರ್ನಿಷ್ ಹೊಡೆಸಿ ಅನ್ನುತ್ತೀಯ.

ಸಹಿ ಹಾಕುವುದಿಲ್ಲ. ಮಾವ ಆ ಬೆಂಚನ್ನು ಬರೀ ಮರವಾಗಿ ಬಿಟ್ಟಿದ್ದರು, ಅದು ಹಾಗೇ ಇರಬೇಕು. ಅಂಟು ಬಳಿದ ಹಲಗೆಯ ಮೇಲೆ ಕೂತು ದೇವರನ್ನು ಕರೆಯುವುದು ನನ್ನಿಂದಾಗದು. ಮೊದಲು ನಿನ್ನ ಗುಂಡಿ ಮುಚ್ಚು. ಹುಳು ಕೂತ ಜಾಗವನ್ನು ನಾನು ಶುದ್ಧ ಮಾಡಿಕೊಳ್ಳುತ್ತೇನೆ. ವಾರಕ್ಕೊಮ್ಮೆ ತಿಕ್ಕುವುದನ್ನು ಇನ್ನು ಮೇಲೆ ಎರಡು ಸಲ ತಿಕ್ಕುತ್ತೇನೆ. ನನ್ನ ಕೈಗೆ ದೇವರು ಇನ್ನೂ ಶಕ್ತಿ ಕೊಟ್ಟಿದ್ದಾನೆ.

ಇನ್ನೊಂದು ಮಾತು. ಕೆಲವು ಸದ್ದು ನನಗೆ ಕೇಳಿಸುವುದಿಲ್ಲ ಎಂದು ಬರೆದೆಯಲ್ಲ, ಅದೇನೆಂದು ನನಗೆ ಅರ್ಥವಾಗದೆ ಇಲ್ಲ. ಮಾಡಿದ್ದು ನೀನು, ಚುಚ್ಚುವುದೂ ನೀನೇ.

ಇಂತಿ,
ಈಚೆಯವಳು


ಏಪ್ರಿಲ್ ೨೮, ಸೋಮವಾರ

ದೊಡ್ಡವರಿಗೆ,

ಗುಂಡಿ ಮುಚ್ಚಿ ಆರು ವಾರವಾಯಿತು. ನಾನೇ ಮಣ್ಣು ಹೊತ್ತು ಮುಚ್ಚಿದೆ. ಹುಳು ಒಂದೂ ಕಡಿಮೆಯಾಗಲಿಲ್ಲ, ಹೆಚ್ಚಾದವು.

ಹೋದ ಗುರುವಾರ ಬೆಂಚಿನ ಮೇಲೆ ಕೂತು ಕೋಟಿನ ಕಾಜ ಹೊಲಿಯುತ್ತಿದ್ದೆ. ಕುತ್ತಿಗೆಗೆ ಒಂದು ಕಚ್ಚಿತು. ಒಂದೇ ಒಂದು. ಮೊದಲು ಅಂಗೈ ತುರಿಸಿತು, ಆಮೇಲೆ ತುಟಿ ದಪ್ಪವಾಯಿತು. ಬಾಗಿಲವರೆಗೆ ನಡೆದು ಬರುವಷ್ಟರಲ್ಲಿ ಗಂಟಲು ಕಟ್ಟಿತು. ಇವರನ್ನು ಕೂಗಲು ಉಸಿರಿರಲಿಲ್ಲ. ಹೊಲಿಗೆ ಯಂತ್ರದ ಮೇಲಿದ್ದ ಕಬ್ಬಿಣದ ಕತ್ತರಿಯನ್ನು ನೆಲಕ್ಕೆ ಬೀಳಿಸಿದೆ, ಆ ಸದ್ದಿಗೆ ಓಡಿ ಬಂದರು. ಎರಡು ದಿನ ಆಸ್ಪತ್ರೆಯಲ್ಲಿದ್ದೆ. ಇನ್ನೊಂದು ಸಲ ಕಚ್ಚಿದರೆ ಆಸ್ಪತ್ರೆ ಸೇರುವ ಮೊದಲೇ ಮುಗಿದುಹೋಗಬಹುದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ.

ಗೂಡು ಎಲ್ಲಿದೆ ಗೊತ್ತೇ? ಬೆಂಚಿನ ಮೇಲಿನ ಚಪ್ಪರದ ಅಡ್ಡಪಟ್ಟಿಗೆ ನೇತುಬಿದ್ದಿದೆ. ಮುಷ್ಟಿ ಗಾತ್ರ, ನೆನೆದು ಒಣಗಿದ ರದ್ದಿ ಕಾಗದದ ಬಣ್ಣ. ನಿಮ್ಮ ತಲೆಯ ಮೇಲೇ ಇದೆ. ಬೆಳಗಿನ ಚಳಿಗೆ ಅವು ಏಳುವುದಿಲ್ಲ, ಹಾಗಾಗಿ ನಿಮ್ಮ ದೇವರು ನಿಮ್ಮನ್ನು ಕಾಪಾಡಿದ. ನನ್ನ ಗಿರಾಕಿಗಳು ಹಿತ್ತಿಲ ಬಾಗಿಲಿಂದಲೇ ಬರಬೇಕು. ನಾನು ಈಗ ಕಿಟಕಿ ತೆರೆಯಲಾರೆ.

ಬಡಗಿಗೆ ಹೇಳಿದ್ದೇನೆ. ಮೇ ಹತ್ತು, ಶನಿವಾರ, ಬೆಂಚು, ಚಪ್ಪರ ಎರಡನ್ನೂ ಒಡೆದು ಗಾಡಿಗೆ ಹಾಕಿಕೊಂಡು ಹೋಗುತ್ತಾನೆ. ಒಪ್ಪಿಗೆಯ ಕಾಗದ ಇದರ ಜತೆಗಿದೆ. ಸಹಿ ಹಾಕಿ. ಹಾಕದಿದ್ದರೂ ಒಡೆಸುತ್ತೇನೆ, ಆಮೇಲೆ ಯಾರ ಹತ್ತಿರ ಬೇಕಾದರೂ ಹೋಗಿ.

ಭಾವನವರು ಆಸ್ಪತ್ರೆಗೆ ಎರಡು ಸಲ ಬಂದಿದ್ದರು. ನೀವು ಬರಲಿಲ್ಲ.

ಆಚೆಯವಳು


ಏಪ್ರಿಲ್ ೩೦, ಬುಧವಾರ

ಓರಗಿತ್ತಿಗೆ,

ಬರಲಿಲ್ಲ, ಹೌದು. ಆ ಎರಡೂ ದಿನ ನಿನ್ನ ಹೆಸರು ಹೇಳಿ ದೇವರಲ್ಲಿ ಬೇಡಿಕೊಂಡೆ. ನಂಬಿದರೆ ನಂಬು, ಬಿಟ್ಟರೆ ಬಿಡು. ಆಸ್ಪತ್ರೆಯ ಮಂಚದ ಪಕ್ಕ ನಿಂತು ಮುಖ ಊದಿಸಿಕೊಳ್ಳುವುದಕ್ಕಿಂತ ಅದು ಮೇಲು.

ಗೂಡು ತೆಗೆಸು, ಬೇಡವೆನ್ನುವವರಾರು? ಬೆಳಗಿನ ಚಳಿ ಬಿಡುವ ಮೊದಲು ಬಂದು ತೆಗೆಯುವ ಜನ ಇದ್ದಾರೆ. ಅಡ್ಡಪಟ್ಟಿಗೆ ಬೇಕಾದರೆ ತಗಡು ಹೊಡೆಸು. ಬೆಂಚು ಒಡೆಯಲು ಮಾತ್ರ ನನ್ನ ಸಹಿ ಸಿಗದು. ಮಾವನ ಕೈಯದ್ದು ಅಂತ ಈ ಮನೆಯಲ್ಲಿ ಉಳಿದಿರುವುದು ಅದೊಂದು. ಉಳಿದದ್ದನ್ನೆಲ್ಲ ಗರಗಸ ಹಾಕಿದಂತೆ ಎರಡು ಭಾಗ ಮಾಡಿಕೊಂಡಿದ್ದೀವಲ್ಲ.

ನಿನಗೆ ಬೇಕಾದ್ದು ಬೆಂಚು ಹೋಗುವುದಲ್ಲ, ನಾನು ಅಲ್ಲಿಂದ ಏಳುವುದು. ನಾನು ಬರಲಿಲ್ಲ ಎಂದು ಬರೆಯುವ ಬಾಯಿ ನಿನಗೆಲ್ಲಿಂದ ಬಂತು? ಅತ್ತೆಯ ಕೊನೆಯ ಉಸಿರು ಹೋಗುವಾಗ ನಾನು ಮಗಳ ಬಾಣಂತನಕ್ಕೆ ಹೋಗಿದ್ದೆ. ಇಪ್ಪತ್ತು ವರ್ಷ ಅವರಿಗೆ ಅನ್ನ ಹಾಕಿದವಳು ನಾನು. ಒಂದು ಮಾತು ತಿಳಿಸಲಿಲ್ಲ ನೀನು. ಹಿರಿಸೊಸೆ ಕೊನೆಗೆ ಹತ್ತಿರವಿರಲಿಲ್ಲ ಎಂದು ನೆಂಟರೆಲ್ಲ ಆಡಿಕೊಂಡರು. ಅದನ್ನು ನೀನು ನಿಂತು ನೋಡಿದೆ. ಆವತ್ತಿನಿಂದ ನನ್ನ ಬಾಯಿಗೆ ಬೀಗ.

ಇಂತಿ,
ಈಚೆಯವಳು


ಮೇ ೨, ಶುಕ್ರವಾರ

ದೊಡ್ಡವರಿಗೆ,

ಆವತ್ತು ಬೆಳಿಗ್ಗೆ ಮೂರು ಸಲ ಫೋನ್ ಮಾಡಿದೆ. ಆರೂ ಐದು, ಆರೂ ಹತ್ತು, ಆರೂ ಇಪ್ಪತ್ತು. ಅಣ್ಣತಮ್ಮಂದಿರಿಬ್ಬರೂ ಡಾಕ್ಟರನ್ನು ಕರೆತರಲು ಓಡಿದ್ದರು. ಮನೆಯಲ್ಲಿ ಅತ್ತೆ, ನಾನು ಇಬ್ಬರೇ. ಬಂದ ದಿನ ನೀವು ಹತ್ತು ಜನರ ಮುಂದೆ "ನನಗೆ ಫೋನೇ ಬರಲಿಲ್ಲ" ಅಂದಿರಿ. ದೇವರ ಮೇಲೆ ಇಷ್ಟು ಭಕ್ತಿಯಿರುವವರು ಸುಳ್ಳು ಹೇಳುತ್ತಾರೆಯೇ ಎಂದು ಜನ ನಿಮ್ಮನ್ನೇ ನಂಬಿದರು. ನನ್ನ ಗಂಡನೂ ಒಂದು ವಾರ ನನ್ನ ಮುಖವನ್ನು ಒಂಥರಾ ನೋಡಿದ.

ನಿಮ್ಮ ಪ್ರಾರ್ಥನೆ ಮುಗಿಯಲಿ ಎಂದು ಅತ್ತೆ ಕಾಯಲಿಲ್ಲ.

ಹತ್ತನೇ ತಾರೀಕು ಬಡಗಿ ಬರುತ್ತಾನೆ.

ಆಚೆಯವಳು


ಮೇ ೯, ಶುಕ್ರವಾರ

ಓರಗಿತ್ತಿಗೆ,

ಇವತ್ತು ನೀನು ಡಾಕ್ಟರ ಹತ್ತಿರ ಹೋಗಿದ್ದಾಗ ಬಡಗಿ ಬಂದಿದ್ದ. ನಾಳೆಗೆ ಯಾವ ಗಾಡಿ ಬೇಕಾದೀತು ಎಂದು ಅಳತೆ ತೆಗೆಯಲು ಬಂದದ್ದು. ನಿನಗೆ ಗೊತ್ತಲ್ಲ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಅದನ್ನೇ ಹುಡುಕುವ ಮುದುಕ. ನಾನು ಜಗಳಕ್ಕೆ ಸಿದ್ಧಳಾಗಿಯೇ ಹೊರಗೆ ಬಂದೆ. ಆತ ನನ್ನ ಕಡೆ ನೋಡಲೂ ಇಲ್ಲ, ಬೆಂಚಿನ ಮೇಲೆ ಅಂಗೈ ಆಡಿಸಿ ಮುಖ ಸಿಂಡರಿಸಿದ.

"ಯಾರಮ್ಮಾ ಇದರ ಚರ್ಮ ಸುಲಿದೋರು?" ಅಂದ.

"ಸುಲಿಯೋದೇನು? ತೊಳ್ದಿದ್ದೀನಿ."

"ಏನ್ ಹಾಕಿ ತೊಳ್ದ್ರಿ?"

"ಸೋಡಾ ಪುಡಿ. ಬಿಸಿನೀರು."

"ವರ್ಷಕ್ಕೊಂದ್ಸಲಾನಾ?"

"ವಾರಕ್ಕೊಂದ್ಸಲ. ಎರಡು ತಿಂಗಳಿಂದ ವಾರಕ್ಕೆರಡು ಸಲ."

ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡ. "ಪಾತ್ರೆ ಅಲ್ಲಮ್ಮಾ ಇದು, ಮರ! ಕಡಜಕ್ಕೆ ಎಲೆ ಹಾಕಿ ಬಡಿಸಿಟ್ಟು, ಉಣ್ಣೋಕೆ ಬಂತಲ್ಲಾ ಅಂತ ಬೈತಿದ್ದೀರಾ?"

"ಅದು ಅವಳ ಸಿಪ್ಪೆ ಗುಂಡಿಗೆ ಬಂದಿದ್ದು," ಅಂದೆ.

"ಸಿಪ್ಪೆಗೆ ಬಂದಿದ್ರೆ ಸಿಪ್ಪೆ ತಿಂದು ಹೋಗ್ತಿತ್ತು. ಬೆಂಚು ಯಾಕೆ ಕೆರೀತಿತ್ತು? ಅದಕ್ಕೆ ಬೇಕಾಗಿರೋದು ಮರದ ನಾರು. ಕೆರೆದು, ಅಗಿದು, ಎಂಜಲಲ್ಲಿ ಕಲಸಿ ಗೂಡು ಕಟ್ಟುತ್ತೆ. ಎಣ್ಣೆ ಕುಡಿದಿರೋ ಮರಕ್ಕೆ ಬಾಯಿ ಹಾಕಿದ್ರೆ ಜಾರುತ್ತೆ, ಬಿಟ್ಟು ಹೋಗುತ್ತೆ. ನೀವು ಸೋಡಾ ಹಾಕಿ ಎಣ್ಣೆಯೆಲ್ಲಾ ತೆಗೆದು, ಬ್ರಷ್ ಹಾಕಿ ನಾರು ಎಬ್ಬಿಸಿ ಕೊಟ್ಟಿದ್ದೀರಿ. ಈ ಸುತ್ತಲಲ್ಲಿ ಇಷ್ಟು ಮೆತ್ತಗಿರೋ ಮರ ಅದಕ್ಕೆ ಇನ್ನೆಲ್ಲಿ ಸಿಗಬೇಕು ಹೇಳಿ?"

"ನಮ್ಮ ಮಾವ ಇದಕ್ಕೆ ಎಣ್ಣೆ ಹಾಕಿರಲಿಲ್ಲ. ಬರೀ ಮರ ಇದು."

"ಹಿಡೀರಿ ಆ ಕಡೆ," ಅಂದ.

ಇಬ್ಬರೂ ಸೇರಿ ಬೆಂಚನ್ನು ಮಗುಚಿ ಹಾಕಿದೆವು. ಅಡಿಭಾಗಕ್ಕೆ ನನ್ನ ಬ್ರಷ್ ಒಂದು ದಿನವೂ ಹೋಗಿಲ್ಲ. ಎಂಟು ವರ್ಷದ ಜೇಡರ ಬಲೆ ಒರೆಸಿದರೆ ಕೆಳಗೆ ಜೇನುಬಣ್ಣದ ಹಲಗೆ, ಮುಟ್ಟಿದರೆ ರೇಷ್ಮೆ. ಬೆರಳು ಮೂಸಿದೆ, ಎಣ್ಣೆಯ ವಾಸನೆ ಇನ್ನೂ ಇತ್ತು. ಒಂದು ಗೀರಿಲ್ಲ. ಮೇಲ್ಭಾಗ ಬೆಕ್ಕಿನ ನಾಲಗೆಯ ಹಾಗೆ ತರಿತರಿ. ಎರಡೂ ಒಂದೇ ಮರ.

"ಅಗಸೆ ಎಣ್ಣೆ. ನಿಮ್ಮ ಮಾವ ವರ್ಷಾ ವರ್ಷಾ ಹಚ್ಚಿದ್ದಾರೆ. ಕೆಲಸ ಬಲ್ಲೋರು," ಅಂದ ಬಡಗಿ. ಆಮೇಲೆ ಅಳತೆ ಪಟ್ಟಿ ಮಡಚಿ, "ನಾಳೆ ಒಡೆಯೋದು ತಾನೇ?" ಅಂತ ಕೇಳಿದ.

ಆತ ಹೋದ ಮೇಲೆ ಮಗುಚಿದ ಬೆಂಚಿನ ಪಕ್ಕ ನೆಲದ ಮೇಲೆ ಕೂತೆ. ಪ್ರಾರ್ಥನೆ ಬರಲಿಲ್ಲ. ಆದ್ದರಿಂದ ನಿನಗೆ ಬರೆಯುತ್ತಿದ್ದೇನೆ.

ಹುಳುಗಳನ್ನು ಕರೆದವಳು ನಾನು. ನೀನು ವಾರ್ನಿಷ್ ಎಂದಾಗ ಸಹಿ ಹಾಕದೆ, ಅದರ ಮೇಲೆ ಇನ್ನೊಂದು ಸಲ ತಿಕ್ಕಿದವಳೂ ನಾನು. ನಿನ್ನ ಗಂಟಲು ಕಟ್ಟಿದ್ದು ನನ್ನ ಬ್ರಷ್ಷಿನಿಂದ. ಇದನ್ನು ದೇವರ ಮುಂದೆ ಹೇಳಿಕೊಂಡು ಸುಮ್ಮನಾಗಿಬಿಡೋಣ ಎಂದು ಮೊದಲು ಅನ್ನಿಸಿತು. ಅದು ನನಗೆ ಸುಲಭ, ನಿನಗೆ ಹೇಳುವುದೇ ಕಷ್ಟ. ಅಂದಮೇಲೆ ನಿನಗೇ ಹೇಳಬೇಕು.

ಕೈಯಲ್ಲಿ ಪೆನ್ನು ಇರುವಾಗಲೇ ಇನ್ನೊಂದನ್ನೂ ಬರೆದುಬಿಡುತ್ತೇನೆ. ಆವತ್ತು ಫೋನು ಹೊಡೆದುಕೊಂಡಿತ್ತು. ನನಗೆ ಕೇಳಿಸಿತ್ತು. ಪ್ರಾರ್ಥನೆಯಿಂದ ಎದ್ದ ಮೇಲೆ ನೋಡಿದೆ, ನಿನ್ನ ಮನೆಯ ನಂಬರು. ನಾನು ಊರಿಗೆ ಹೊರಡುವ ಹಿಂದಿನ ದಿನ ಬಟ್ಟೆ ಒಣಹಾಕುವ ತಂತಿಗೆ ನಾವಿಬ್ಬರೂ ಜಗಳವಾಡಿದ್ದೆವಲ್ಲ, ಅದನ್ನೇ ಮುಂದುವರಿಸಲು ಮಾಡಿದ್ದೀಯ ಎಂದುಕೊಂಡೆ. ತಿರುಗಿ ಮಾಡಲಿಲ್ಲ. ಹನ್ನೊಂದಕ್ಕೆ ನಿನ್ನ ಭಾವ ಸುದ್ದಿ ಹೇಳಿದ ಮೇಲೆ ಆ ನಂಬರನ್ನು ಫೋನಿನಿಂದ ಅಳಿಸಿ ಹಾಕಿದೆ. ಆಮೇಲೆ ಹತ್ತು ಜನರ ಮುಂದೆ ಹೇಳಿದ್ದು ನಿನಗೆ ನೆನಪಿದೆ.

ನಿನ್ನ ಭಾವನಿಗೂ ನಿನ್ನ ಗಂಡನಿಗೂ ಇವತ್ತು ಸಂಜೆ ಟೀ ಹೊತ್ತಿಗೆ ನಾನೇ ಹೇಳುತ್ತೇನೆ.

ಒಡೆಯುವ ಕಾಗದಕ್ಕೆ ಸಹಿ ಹಾಕಿದ್ದೇನೆ. ಒಡೆಸು. ನಿನ್ನ ಉಸಿರಿಗಿಂತ ಬೆಂಚು ದೊಡ್ಡದಲ್ಲ. ನಾನು ಒಳಗೇ ಎಲ್ಲಾದರೂ ಕೂರುತ್ತೇನೆ.

ಒಂದೇ ಒಂದು ಕೇಳುತ್ತೇನೆ, ಇಷ್ಟವಿದ್ದರೆ ಹೇಳು. ಆವತ್ತು ಅತ್ತೆ ನನ್ನನ್ನು ಕೇಳಿದರೇ?

ಇಂತಿ,
ನಿನ್ನ ಓರಗಿತ್ತಿ


ಮೇ ೧೨, ಸೋಮವಾರ

ದೊಡ್ಡವರಿಗೆ,

ಸಹಿ ಹಾಕಿದ ಕಾಗದ ಬಂತು. ನೀವು ಸಹಿ ಹಾಕದೆ ಇದ್ದಿದ್ದರೆ ಕಣ್ಣು ಮುಚ್ಚಿ ಒಡೆಸಿರುತ್ತಿದ್ದೆ. ಹಾಕಿ ನನ್ನ ಕೈ ಕಟ್ಟಿಹಾಕಿದಿರಿ. ಕ್ಷಮಿಸಿದಳು ಎಂದುಕೊಂಡು ನೆಮ್ಮದಿಯಾಗಿ ಮಲಗಬೇಡಿ. ಆರು ವರ್ಷ ಸುಳ್ಳಿ ಅನ್ನಿಸಿಕೊಂಡಿದ್ದೇನೆ. ಅದು ಒಂದು ಕಾಗದಕ್ಕೆ ಹೋಗುವ ಕಲೆಯಲ್ಲ.

ಬೆಂಚಿನ ವಿಷಯ ಬರೆಯುತ್ತೇನೆ. ಬಡಗಿ ಶನಿವಾರ ಬೆಳಕು ಹರಿಯುವಾಗಲೇ ಗೂಡಿಗೆ ಚೀಲ ಕಟ್ಟಿ ತೆಗೆದ. ಒಡೆಯುವುದು ಬೇಡ ಅಂದೆ. ಶನಿವಾರ, ಭಾನುವಾರ ಎರಡು ದಿನ ಕೂತು ಬೆಂಚು, ಕಂಬ, ಅಡ್ಡಪಟ್ಟಿ ಎಲ್ಲವನ್ನೂ ಮರಳು ಕಾಗದದಿಂದ ಉಜ್ಜಿ, ಎದ್ದ ನಾರು ತೆಗೆದು, ಬಿರುಕಿಗೆ ಮೇಣ ತುಂಬಿದ್ದಾನೆ. ನಿಮ್ಮ ಬಾಯಿಂದ "ಅಂಟು" ಅನ್ನಿಸಿಕೊಳ್ಳಲು ಇಷ್ಟವಿಲ್ಲದ್ದರಿಂದ ವಾರ್ನಿಷ್ ಬಿಟ್ಟು ಅಗಸೆ ಎಣ್ಣೆಯನ್ನೇ ತರಿಸಿದ್ದೇನೆ. ಎರಡು ಸಲ ಹಚ್ಚಬೇಕು, ನಡುವೆ ಎರಡು ದಿನ ಒಣಗಬೇಕು. ವರ್ಷಕ್ಕೊಮ್ಮೆ ತಪ್ಪಬಾರದು. ಸೋಡಾ ಪುಡಿ ಮತ್ತು ಬ್ರಷ್ ಹಿತ್ತಿಲಿಗೆ ಬಂದರೆ ನನ್ನ ಸಹಿ ವಾಪಸ್.

ನಾನೂ ಒಂದು ಬರೆಯಬೇಕು, ಬರೆಯದಿದ್ದರೆ ನಿಮ್ಮ ಮುಂದೆ ಚಿಕ್ಕವಳಾಗುತ್ತೇನೆ. ಮಾವ ಎಣ್ಣೆ ಹಚ್ಚುತ್ತಿದ್ದದ್ದು ನನಗೆ ಗೊತ್ತಿತ್ತು. ನೀವು ಮಧ್ಯಾಹ್ನ ಮಲಗಿದ್ದಾಗ, ನನ್ನ ಹತ್ತಿರ ಚಿಂದಿ ಬಟ್ಟೆ ಕೇಳಿ ಒಯ್ಯುತ್ತಿದ್ದರು. ಅವರು ಹೋದ ಮೇಲೆ ನೀವು ಸೋಡಾ ಹಾಕಿ ತಿಕ್ಕುವುದನ್ನು ಎಂಟು ವರ್ಷ ಕಿಟಕಿಯಿಂದ ನೋಡಿದ್ದೇನೆ. ಮರ ಬೂದಾಗುವುದನ್ನೂ ನೋಡಿದ್ದೇನೆ. ಮೊದಲೆರಡು ವರ್ಷ ನಿಮಗೆ ಹೇಳುವ ಧೈರ್ಯವಿರಲಿಲ್ಲ. ಆಮೇಲೆ ಹೇಳುವ ಮನಸ್ಸಿರಲಿಲ್ಲ. ಹಾಳಾಗಲಿ, ಇವಳ ದೇವರ ಪೀಠ ಇವಳ ಕೈಯಿಂದಲೇ ಹಾಳಾಗಲಿ ಎಂದುಕೊಂಡೆ. ಹುಳು ಅದಕ್ಕೇ ಬರುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಅತ್ತೆ ಕೇಳಿದರೇ ಎಂದು ಬರೆದಿದ್ದೀರಿ. ಫೋನು ಮೂರು ಸಲ ಎಂದು ನಾನು ಹೇಳಿಕೊಂಡು ಬಂದದ್ದು ನಾನು ಮಾಡಿದವುಗಳ ಲೆಕ್ಕ ಮಾತ್ರ. ನಾಲ್ಕನೆಯದೂ ಒಂದಿತ್ತು, ಆರೂ ನಲವತ್ತಕ್ಕೆ. ಅದನ್ನು ಅತ್ತೆ ಮಾಡಿದರು. ನನ್ನ ಕೈಯಿಂದ ಕಸಿದುಕೊಂಡು ತಾವೇ ಒತ್ತಿದರು. ಅದು ಹೊಡೆದು ಹೊಡೆದು ನಿಲ್ಲುವವರೆಗೆ ಕಿವಿಗೆ ಹಿಡಿದುಕೊಂಡೇ ಇದ್ದರು. "ಪ್ರಾರ್ಥನೆಗೆ ಕೂತಿರ್ತಾಳೆ, ಏಳ್ಲಿ ಬಿಡು," ಅಂದರು. ಬೇಜಾರಿಲ್ಲದೆ ಅಂದರು. ಆಮೇಲೆ ಮಾತಾಡಲಿಲ್ಲ.

ಫೋನೇ ಬರಲಿಲ್ಲ ಎಂದವರಿಗೆ ಇದನ್ನು ಹೇಗೆ ಹೇಳಲಿ? ನನ್ನಲ್ಲೇ ಇಟ್ಟುಕೊಂಡೆ.

ಮೊದಲನೆಯ ಸಲದ ಎಣ್ಣೆ ನಾಡಿದ್ದು ಬುಧವಾರ ಹಚ್ಚಬೇಕು. ಬಿಸಿಲೇರಿದರೆ ಹುಳು ಹಾರಾಡುತ್ತವೆ, ನಾನು ಹೊರಗೆ ನಿಲ್ಲುವ ಹಾಗಿಲ್ಲ. ಬೆಳಿಗ್ಗೆ ಆರು ಗಂಟೆಗೆ ಬನ್ನಿ. ಅದು ನಿಮಗೆ ಯಾವ ಹೊತ್ತೆಂದು ನನಗೆ ಗೊತ್ತು. ಗೊತ್ತಿದ್ದೇ ಬರೆದಿದ್ದೇನೆ. ಐದು ನಿಮಿಷ ಕಾಯುತ್ತೇನೆ, ಬರದಿದ್ದರೆ ನಾನೊಬ್ಬಳೇ ಹಚ್ಚಿಕೊಳ್ಳುತ್ತೇನೆ.

ಆಚೆಯವಳು


ಮೇ ೧೩, ಮಂಗಳವಾರ

ಓರಗಿತ್ತಿಗೆ,

ಕಾಗದ ನಾಲ್ಕು ಸಲ ಓದಿದೆ.

ಆರು ಗಂಟೆಗೆ ಬರುತ್ತೇನೆ. ನಾಳೆ ತಡವಾಗುತ್ತದೆಂದು ದೇವರಿಗೆ ಹೇಳಿದ್ದೇನೆ. ಕುತ್ತಿಗೆಗೆ ಬಟ್ಟೆ ಸುತ್ತಿಕೊಳ್ಳದೆ ಹೊರಗೆ ಕಾಲಿಡಬೇಡ. ಅಡ್ಡಪಟ್ಟಿಗೆ ನಾನು ಹತ್ತುತ್ತೇನೆ, ನೀನು ಏಣಿ ಹಿಡಿ.

ಇಂತಿ,
ಅಕ್ಕ